ಆ ಹುಡುಗಿಯ ಹೆಸರೇನು?

(ಈ ವಾರದ ಸಂಚಿಕೆಯ ಪಠ್ಯರೂಪ. ಮಾತಿನ ನಡುವಿನ ತಡವರಿಕೆಗಳನ್ನಷ್ಟೇ ತೆಗೆಯಲಾಗಿದೆ.)

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿದ್ದೀರೋ, ರಾತ್ರಿ ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಇವತ್ತಿನ ಎಪಿಸೋಡ್ ಸ್ವಲ್ಪ ಭಾರ ಇದೆ. ನರಮೇಧದ ಬಗ್ಗೆ ಮಾತು ಬರುತ್ತೆ. ಪಕ್ಕದಲ್ಲಿ ಚಿಕ್ಕ ಮಕ್ಕಳಿದ್ರೆ ಇಯರ್‌ಫೋನ್ ಹಾಕ್ಕೊಳ್ಳಿ. ಹಾಗಂತ ಹಿಂಸೆಯ ವಿವರಗಳನ್ನು ನಾನು ಹೇಳೋದಿಲ್ಲ. ಇವತ್ತು ಮಾತಾಡೋದು ಕಾಗದಗಳ ಬಗ್ಗೆ. ಫೈಲು, ಕಾರ್ಡು, ಫೋಟೋ, ಹೆಸರಿನ ಪಟ್ಟಿ, ಇವುಗಳ ಬಗ್ಗೆ.

ಮೊದಲು ಒಂದು ತಪ್ಪೊಪ್ಪಿಗೆ.

ಹೋದ ವರ್ಷ ನಾನೊಂದು ರೀಲ್ ಮಾಡಿದ್ದೆ. ನಲವತ್ತು ಸೆಕೆಂಡಿನದು. ಕಾಂಬೋಡಿಯಾದ ಟುವೋಲ್ ಸ್ಲೆಂಗ್ ಜೈಲಿನ ಒಂದು ಕಪ್ಪು ಬಿಳುಪು ಫೋಟೋ ತಗೊಂಡೆ. ಒಬ್ಬಳು ಹುಡುಗಿ, ಹತ್ತು ಹನ್ನೆರಡು ವಯಸ್ಸಿರಬಹುದು. ಅಂಗಿಗೆ ಒಂದು ನಂಬರ್ ಚೀಟಿ ಸಿಕ್ಕಿಸಿದ್ದಾರೆ. ನೇರವಾಗಿ ಕ್ಯಾಮೆರಾ ನೋಡ್ತಿದ್ದಾಳೆ. ನಾನು ಆ ಕಣ್ಣುಗಳಿಗೆ ನಿಧಾನಕ್ಕೆ ಝೂಮ್ ಮಾಡಿ, ಹಿಂದೆ ಒಂದು ಪಿಟೀಲಿನ ಟ್ಯೂನ್ ಹಾಕಿ, ಇವಳ ಕಣ್ಣಲ್ಲಿ ಏನು ಕಾಣುತ್ತೆ ಅಂತ ಬರೆದು ಬಿಟ್ಟೆ. ಅಲ್ಲಿವರೆಗೆ ನನ್ನ ಯಾವ ರೀಲೂ ಐದು ಸಾವಿರ ದಾಟಿರಲಿಲ್ಲ. ಇದು ಎರಡೇ ದಿನದಲ್ಲಿ ತೊಂಬತ್ತು ಸಾವಿರ ದಾಟ್ತು. ಅಳುವ ಎಮೋಜಿಗಳ ಸಾಲೇ ಸಾಲು. ಸುಳ್ಳು ಯಾಕೆ ಹೇಳ್ಲಿ, ಖುಷಿ ಆಯ್ತು.

ಮೂರನೇ ದಿನ ಒಬ್ಬರು ಕೇಳುಗರು ಮೆಸೇಜ್ ಹಾಕಿದ್ರು. ಬೈಗುಳ ಏನಿಲ್ಲ. ಒಂದೇ ಸಾಲು. "ಆ ಹುಡುಗಿಯ ಹೆಸರೇನು?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರೋದು ಒಂದು ಕಡೆ ಇರ್ಲಿ, ಹುಡುಕಬೇಕು ಅಂತಲೂ ಅನಿಸಿರಲಿಲ್ಲ. ಅವಳು ನನಗೆ ಒಂದು ಮುಖ ಆಗಿದ್ದಳು, ಅಷ್ಟೇ.

ಆ ಒಂದು ಸಾಲು ನನ್ನನ್ನು ಎಲ್ಲೆಲ್ಲಿಗೆ ಕರ್ಕೊಂಡು ಹೋಯ್ತು ಅನ್ನೋದೇ ಇವತ್ತಿನ ಎಪಿಸೋಡು.

ಟುವೋಲ್ ಸ್ಲೆಂಗ್ ಇರೋದು ನೋಮ್ ಪೆನ್ ನಗರದಲ್ಲಿ. ಮೊದಲು ಅದೊಂದು ಹೈಸ್ಕೂಲು. 1975ರಲ್ಲಿ ಖ್ಮೇರ್ ರೂಜ್ ಅಧಿಕಾರಕ್ಕೆ ಬಂತು. ಮುಂದೆ ಆ ಶಾಲೆ ಎಸ್-21 ಅನ್ನೋ ಗುಪ್ತ ಜೈಲಾಯಿತು. ತರಗತಿಗಳಿಗೆ ಇಟ್ಟಿಗೆ ಗೋಡೆ ಕಟ್ಟಿ ಕೋಣೆಗಳನ್ನಾಗಿ ಒಡೆದರು. ಅದನ್ನು ನಡೆಸಿದ ಡುಚ್ ಅನ್ನೋನು ಮೊದಲು ಗಣಿತದ ಮೇಷ್ಟ್ರು. ನಂತರ ನಡೆದ ವಿಶೇಷ ನ್ಯಾಯಮಂಡಳಿಯ ಲೆಕ್ಕದಲ್ಲಿ ಅಲ್ಲಿ ಕಡೇಪಕ್ಷ 12,272 ಜನ ಸತ್ತರು. 1979ರವರೆಗಿನ ನಾಲ್ಕು ವರ್ಷಗಳಲ್ಲಿ ಇಡೀ ದೇಶದಲ್ಲಿ ಸತ್ತವರು ಸುಮಾರು 17ರಿಂದ 20 ಲಕ್ಷ. ಎಸ್-21ರಿಂದ ಜೀವಂತ ಹೊರಬಂದವರು ಬೆರಳೆಣಿಕೆಯ ಮಂದಿ. ಅವರಲ್ಲಿ ವಾನ್ ನಾಥ್ ಉಳಿದದ್ದು ಚಿತ್ರ ಬರೆಯೋಕೆ ಬರ್ತಿತ್ತು ಅಂತ, ಚುಮ್ ಮೇ ಉಳಿದದ್ದು ಯಂತ್ರ ರಿಪೇರಿ ಗೊತ್ತಿತ್ತು ಅಂತ.

ಈಗ ಒಂದು ವಿಷಯ ಗಮನಿಸಿ. ನಾನು ರೀಲಿಗೆ ಬಳಸಿದ ಆ ಫೋಟೋ ತೆಗೆದದ್ದು ಯಾರು? ಪತ್ರಕರ್ತರಲ್ಲ. ಮನೆಯವರಲ್ಲ. ಜೈಲಿನವರೇ. ಬಂದ ಕೈದಿಯನ್ನು ಕುರ್ಚಿಯಲ್ಲಿ ಕೂರಿಸಿ, ಫೋಟೋ ತೆಗೆದು, ಫೈಲಿಗೆ ಅಂಟಿಸೋದು ಅಲ್ಲಿನ ಆಫೀಸ್ ಕೆಲಸ. ಆ ಹುಡುಗಿ ನೋಡ್ತಿರೋದು ನಮ್ಮನ್ನಲ್ಲ, ತನ್ನನ್ನು ಹಿಡಿದಿಟ್ಟವರನ್ನು. ನಾನು ಅವರು ನಿಂತಿದ್ದ ಜಾಗದಲ್ಲೇ ನಿಂತು, ಅವರ ಕ್ಯಾಮೆರಾದಿಂದಲೇ ಅವಳನ್ನು ನೋಡಿ, ಅದಕ್ಕೆ ಪಿಟೀಲು ಸೇರಿಸಿದ್ದೆ.

ನನಗಿಂತ ಮುಂಚೆ ಇನ್ನೂ ದೊಡ್ಡ ತಪ್ಪು ಮಾಡಿದವರಿದ್ದಾರೆ. 2021ರ ಏಪ್ರಿಲ್‌ನಲ್ಲಿ ಒಂದು ಅಂತರರಾಷ್ಟ್ರೀಯ ಸುದ್ದಿ ತಾಣದಲ್ಲಿ ಇದೇ ಜೈಲಿನ ಫೋಟೋಗಳಿಗೆ ಬಣ್ಣ ಹಾಕಿ ಪ್ರಕಟಿಸಿದರು. ಬಣ್ಣ ಹಾಕಿದ್ದಷ್ಟೇ ಆಗಿದ್ರೆ ಬೇರೆ. ಕೆಲವು ಮುಖಗಳಿಗೆ ನಗುವನ್ನೂ ಸೇರಿಸಿದ್ದರು. ಮೂಲ ಫೋಟೋದಲ್ಲಿ ಇಲ್ಲದ ನಗು! ಕಾಂಬೋಡಿಯಾದವರು ಸಿಟ್ಟಾದರು, ಅಲ್ಲಿನ ಸಂಸ್ಕೃತಿ ಸಚಿವಾಲಯ ಪ್ರತಿಭಟಿಸಿತು, ಆ ತಾಣ ಲೇಖನ ತೆಗೆದುಹಾಕಿತು. ಅದನ್ನು ಓದಿದಾಗ ನಾನು ಛೇ ಅಂದಿದ್ದೆ. ನಾನೂ ಅದರ ತಮ್ಮನಂಥ ಕೆಲಸವನ್ನೇ ಮಾಡಿದ್ದೀನಿ ಅಂತ ಹೊಳೀಲಿಲ್ಲ ನೋಡಿ.

ನಾನು ಬಿಕಾಂ ಓದಿದವನು ಅಂತ ನಿಮಗೆ ಗೊತ್ತು. ಇತಿಹಾಸ ನನ್ನ ಸಬ್ಜೆಕ್ಟ್ ಅಲ್ಲ. ಆದರೆ ಆಡಿಟಿಂಗ್ ಕ್ಲಾಸಲ್ಲಿ ಕಲಿತ ಒಂದು ಮಾತು ಇಲ್ಲಿ ಕೆಲಸಕ್ಕೆ ಬಂತು. ಯಾವುದೇ ವೋಚರ್ ಕೈಗೆ ಬಂದರೂ ಮೊದಲು ಮೊತ್ತ ನೋಡಬೇಡಿ. ಇದನ್ನು ಬರೆದವರು ಯಾರು, ಯಾರಿಗೋಸ್ಕರ ಬರೆದರು, ಯಾಕೆ ಬರೆದರು ಅಂತ ನೋಡಿ. ಆರ್ಕೈವಿಗೂ ಅದೇ ಪ್ರಶ್ನೆ ಕೇಳ್ಬೇಕು ಅನ್ನಿಸ್ತು. ಕೇಳ್ತಾ ಹೋದ ಹಾಗೆ ಗೊತ್ತಾಯ್ತು, ನರಮೇಧದ ಕಾಗದಗಳಲ್ಲಿ ದೊಡ್ಡದಾಗಿ ಎರಡು ಥರ ಇದೆ. ಕೊಂದವರು ಬರೆದ ಕಾಗದ. ಸಾಯಲಿದ್ದವರು ಬರೆದ ಕಾಗದ.

ಎರಡನೆಯದರ ಕಥೆ ಹೇಳ್ತೀನಿ. ಇದು ಪೋಲೆಂಡಿನ ವಾರ್ಸಾದಲ್ಲಿ ನಡೆದದ್ದು. 1940ರಲ್ಲಿ ನಾಜಿಗಳು ಅಲ್ಲಿನ ಯಹೂದಿಗಳನ್ನೆಲ್ಲ ಒಂದು ಕೇರಿಗೆ ತಳ್ಳಿ ಸುತ್ತ ಗೋಡೆ ಎಬ್ಬಿಸಿದರು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ. ಹಸಿವು, ಟೈಫಸ್. ಆ ಗೋಡೆಯ ಒಳಗೆ ಇಮಾನುಯೆಲ್ ರಿಂಗೆಲ್‌ಬ್ಲುಮ್ ಅನ್ನೋ ಇತಿಹಾಸಕಾರ ಒಂದು ಗುಪ್ತ ಗುಂಪು ಕಟ್ಟಿದ. ಅದರ ಹೆಸರು ಓಯ್ನೆಗ್ ಶಾಬೆಸ್, ಅಂದ್ರೆ ಸಬ್ಬತ್ ದಿನದ ಸಂತೋಷ. ಶನಿವಾರ ಸೇರ್ತಿದ್ರು ಅಂತ ಆ ಹೆಸರು. ಐವತ್ತು ಅರವತ್ತು ಜನ ಇದ್ದರು. ಅವರ ಕೆಲಸ ಏನು? ಬರೆದಿಡೋದು, ಸಂಗ್ರಹಿಸೋದು. ದಿನಚರಿ, ಶಾಲಾ ಮಕ್ಕಳ ಪ್ರಬಂಧ, ರೇಷನ್ ಕಾರ್ಡು, ಟ್ರಾಮ್ ಟಿಕೆಟ್ಟು, ಮಿಠಾಯಿಯ ಹೊದಿಕೆ ಕಾಗದ. ನಾಳೆ ನಮ್ಮ ಬಗ್ಗೆ ಬರೆಯೋರು ನಮ್ಮನ್ನು ಕೊಂದವರಷ್ಟೇ ಆಗಬಾರದು ಅನ್ನೋದು ಅವರ ಹಟ.

1942ರ ಜುಲೈ 22ಕ್ಕೆ ಅಲ್ಲಿಂದ ಟ್ರೆಬ್ಲಿಂಕಾ ಹತ್ಯಾ ಶಿಬಿರಕ್ಕೆ ರೈಲುಗಳು ಹೊರಡೋಕೆ ಶುರುವಾಯ್ತು. ಆಗಸ್ಟ್ ಮೊದಲ ವಾರ ಒಬ್ಬ ಶಿಕ್ಷಕ, ಅವನ ಇಬ್ಬರು ಹಳೆಯ ವಿದ್ಯಾರ್ಥಿಗಳು ಸೇರಿ ಆ ಕಾಗದಗಳನ್ನು ಹತ್ತು ತಗಡಿನ ಪೆಟ್ಟಿಗೆಗಳಲ್ಲಿ ತುಂಬಿ ಒಂದು ಶಾಲೆಯ ನೆಲಮಾಳಿಗೆಯಲ್ಲಿ ಹೂತರು. ಆ ಹುಡುಗರಲ್ಲಿ ಒಬ್ಬನಿಗೆ ಹತ್ತೊಂಬತ್ತು ವರ್ಷ. ಪೆಟ್ಟಿಗೆ ಮುಚ್ಚೋ ಮುಂಚೆ ತನ್ನದೊಂದು ಉಯಿಲಿನಂಥ ಪತ್ರ ಬರೆದು ಒಳಗೆ ಹಾಕಿದ. 1943ರಲ್ಲಿ ಇನ್ನಷ್ಟು ಕಾಗದಗಳನ್ನು ಎರಡು ಹಾಲಿನ ಕ್ಯಾನುಗಳಲ್ಲಿಟ್ಟು ಹೂತರು.

ಆ ಗುಂಪಿನಲ್ಲಿ ಯುದ್ಧ ಮುಗಿಯುವಷ್ಟರಲ್ಲಿ ಉಳಿದವರು ಮೂರೇ ಜನ. 1944ರಲ್ಲಿ ರಿಂಗೆಲ್‌ಬ್ಲುಮ್‌ನನ್ನು ಹೆಂಡತಿ, ಮಗನ ಜೊತೆ ಕೊಂದರು. ಉಳಿದ ಮೂವರಲ್ಲಿ ಒಬ್ಬರಿಗೆ ಕಾಗದ ಎಲ್ಲಿದೆ ಅನ್ನೋ ಅಂದಾಜಿತ್ತು. ಆದರೆ ಊರೇ ಇಟ್ಟಿಗೆ ರಾಶಿ ಆಗಿತ್ತು, ಬೀದಿ ಯಾವುದು ಮನೆ ಯಾವುದು ಗೊತ್ತಾಗದ ಸ್ಥಿತಿ. 1946ರ ಸೆಪ್ಟೆಂಬರ್‌ನಲ್ಲಿ ಅಗೆದು ಹತ್ತೂ ಪೆಟ್ಟಿಗೆ ತೆಗೆದರು. ನೀರು ನುಗ್ಗಿ ಕಾಗದ ಒದ್ದೆಯಾಗಿತ್ತು. 1950ರ ಡಿಸೆಂಬರ್‌ನಲ್ಲಿ ಹಾಲಿನ ಕ್ಯಾನುಗಳು ಸಿಕ್ಕವು. ಮೂರನೇ ಭಾಗ ಇವತ್ತಿಗೂ ಸಿಕ್ಕಿಲ್ಲ. ಸಿಕ್ಕಿದ್ದೇ ಸುಮಾರು 35,000 ಪುಟ.

ನಮ್ಮಲ್ಲಿ ಎಷ್ಟೋ ಜನ ಫೋನ್ ಕಳೆದರೆ ಫೋಟೋ ಹೋಯ್ತಲ್ಲಾ ಅಂತ ಎರಡು ದಿನ ಒದ್ದಾಡ್ತೀವಿ. ಇವರು ತಾವು ಉಳಿಯೋಲ್ಲ ಅಂತ ಗೊತ್ತಿದ್ದೇ ಬ್ಯಾಕಪ್ ತಗೊಂಡಿದ್ದರು.

ಸರಿ, ಇನ್ನೊಂದು ಥರದ ಕಾಗದಕ್ಕೆ ಬರೋಣ. ಕೊಂದವರು ಬರೆದದ್ದು. ಇದರ ದೊಡ್ಡ ಭಂಡಾರ ಜರ್ಮನಿಯ ಬಾಡ್ ಆರೋಲ್ಸನ್ ಅನ್ನೋ ಸಣ್ಣ ಊರಿನಲ್ಲಿದೆ. ಹೆಸರು ಆರೋಲ್ಸನ್ ಆರ್ಕೈವ್ಸ್. ಸುಮಾರು 3 ಕೋಟಿ ದಾಖಲೆಗಳು, ಸುಮಾರು 1 ಕೋಟಿ 75 ಲಕ್ಷ ಜನರ ಬಗ್ಗೆ. ನಾಜಿ ಶಿಬಿರಗಳ ಕೈದಿಗಳ ಕಾರ್ಡು, ಬಲವಂತದ ದುಡಿಮೆಯ ಪಟ್ಟಿ, ಯುದ್ಧದ ನಂತರ ಮನೆಯವರನ್ನು ಹುಡುಕಿದವರ ಅರ್ಜಿಗಳು. ಅಲ್ಲಿಯವರು 2020ರಿಂದ ಒಂದು ಕೆಲಸ ಶುರುಮಾಡಿದ್ದಾರೆ. ಸ್ಕ್ಯಾನ್ ಮಾಡಿದ ಕಾರ್ಡುಗಳನ್ನು ಆನ್‌ಲೈನ್ ಹಾಕ್ತಾರೆ. ಜಗತ್ತಿನ ಯಾರು ಬೇಕಾದರೂ ಕೂತು, ಕಾರ್ಡಿನಲ್ಲಿರುವ ಹೆಸರು, ಹುಟ್ಟಿದ ದಿನ, ಊರು ಓದಿ ಟೈಪ್ ಮಾಡಬಹುದು. ಒಂದೇ ಕಾರ್ಡನ್ನು ಬೇರೆ ಬೇರೆ ಜನ ನಮೂದಿಸ್ತಾರೆ. ಹೊಂದಾಣಿಕೆ ಆಗದಿದ್ದರೆ ಮತ್ತೆ ಪರಿಶೀಲನೆ. ಪ್ರತಿ ಹೆಸರೂ ಲೆಕ್ಕಕ್ಕಿದೆ ಅನ್ನೋ ಅರ್ಥದ ಹೆಸರು ಆ ಅಭಿಯಾನಕ್ಕೆ.

ರೀಲ್ ಡಿಲೀಟ್ ಮಾಡಿದ ಮೇಲೆ ನಾನು ಮಾಡಿದ್ದು ಇದನ್ನು. ಪ್ರಾಯಶ್ಚಿತ್ತ ಅಂತೆಲ್ಲ ದೊಡ್ಡ ಮಾತು ಬೇಡ. ಡೇಟಾ ಎಂಟ್ರಿ ನನಗೆ ಬರುತ್ತೆ, ಅಷ್ಟೇ.

ಒಂದು ಕಾರ್ಡು ಮನಸ್ಸಲ್ಲಿ ಉಳಿದುಬಿಟ್ಟಿದೆ. ಬುಖೆನ್‌ವಾಲ್ಡ್ ಶಿಬಿರದ್ದು. ಹೆಸರು ಇಲ್ಲಿ ಹೇಳಲ್ಲ. ಆರ್ಕೈವಿನಲ್ಲಿ ಅದು ಸರಿಯಾಗಿ ಕೂತಿದೆ, ನನ್ನ ಎಪಿಸೋಡಿಗೆ ಒಗ್ಗರಣೆ ಆಗೋದು ಬೇಡ. ವೃತ್ತಿ ದರ್ಜಿ. ಎತ್ತರ ಇಷ್ಟು, ಮೂಗು ಹೀಗೆ, ಕಿವಿ ಹೀಗೆ, ಎರಡು ಹಲ್ಲು ಇಲ್ಲ. ಗೊತ್ತಿರುವ ಭಾಷೆಗಳು. ಇನ್ನೊಂದು ಕಾರ್ಡಿನಲ್ಲಿ ಅವರು ಬರುವಾಗ ಮೈಮೇಲಿದ್ದ ಬಟ್ಟೆಗಳ ಪಟ್ಟಿ. ಟೋಪಿ ಒಂದು, ಕೋಟು ಒಂದು, ಅಂಗಿ ಎರಡು. ಕೆಳಗೆ ಸಹಿ. ಒಬ್ಬ ಮನುಷ್ಯನನ್ನು ಗೋದಾಮಿನ ಸರಕಿನ ಹಾಗೆ ಸ್ಟಾಕ್ ಬುಕ್ಕಿಗೆ ಏರಿಸಿದ್ದಾರೆ. ಅಕೌಂಟೆನ್ಸಿ ಓದಿದವನಿಗೆ ಆ ಅಚ್ಚುಕಟ್ಟುತನ ನೋಡಿ ಹೆದರಿಕೆ ಆಯ್ತು. ಕಿರ್ದಿ, ಖತಾವಣಿ ಎಲ್ಲ ಸರಿಯಾಗಿದೆ. ಟ್ಯಾಲಿ ಆಗುತ್ತೆ. ಆಗುತ್ತಿದ್ದದ್ದು ಮಾತ್ರ ಕೊಲೆ.

ಹುಟ್ಟಿದ ದಿನ ನಾನು 17 ಅಂತ ಹಾಕಿದೆ. ಉಳಿಸುವ ಮೊದಲು ಇನ್ನೊಮ್ಮೆ ನೋಡಿದೆ. ಆ ಕಾಲದ ಜರ್ಮನ್ ಕೈಬರಹದಲ್ಲಿ 1ಕ್ಕೆ ಮುಂದುಗಡೆ ಉದ್ದ ಗೀಟು ಎಳೀತಾರೆ, ನಮ್ಮ ಕಣ್ಣಿಗೆ ಅದು 7ರ ಥರ ಕಾಣುತ್ತೆ. ಅವರ 7ಕ್ಕೆ ನಡುವೆ ಒಂದು ಅಡ್ಡಗೆರೆ ಇರುತ್ತೆ. ಇದಕ್ಕೆ ಅಡ್ಡಗೆರೆ ಇರಲಿಲ್ಲ. ಅದು 11. ಆರು ದಿನದ ವ್ಯತ್ಯಾಸ. ಏನು ಮಹಾ ಅನ್ಸುತ್ತೆ ಅಲ್ವಾ? ಆದರೆ ನಾಳೆ ಅವರ ಮೊಮ್ಮಗಳು ಯಾವುದೋ ದೇಶದಲ್ಲಿ ಕೂತು ತಾತನ ಹೆಸರು, ಹುಟ್ಟಿದ ದಿನ ಹಾಕಿ ಹುಡುಕಿದಾಗ, ನನ್ನ 17ರಿಂದಾಗಿ ಏನೂ ಸಿಗಲಿಲ್ಲ ಅಂತ ಬರಬಹುದಿತ್ತು.

ಇದೇ ಆರ್ಕೈವಿನವರು 2016ರಿಂದ ಇನ್ನೊಂದು ಕೆಲಸ ಮಾಡ್ತಿದ್ದಾರೆ. ಕೈದಿಗಳಿಂದ ಕಿತ್ತುಕೊಂಡ ಕೆಲವು ವಸ್ತುಗಳು ಅವರ ಬಳಿ ಉಳಿದಿದ್ದವು. ಕೈಗಡಿಯಾರ, ಮದುವೆ ಉಂಗುರ, ಪರ್ಸು, ಮನೆಯವರ ಫೋಟೋ. ಹೆಚ್ಚಿನವು ನೋಯೆನ್‌ಗಾಮ್ಮೆ ಶಿಬಿರದವು. ಊರೂರಿಗೆ ಕಂಟೈನರಿನಲ್ಲಿ ಪ್ರದರ್ಶನ ಒಯ್ದು, ಸ್ವಯಂಸೇವಕರ ಸಹಾಯದಿಂದ ಮನೆಯವರನ್ನು ಪತ್ತೆ ಮಾಡಿ, ನೂರಾರು ಕುಟುಂಬಗಳಿಗೆ ಅವನ್ನು ವಾಪಸ್ ಕೊಟ್ಟಿದ್ದಾರೆ. ಯೋಚನೆ ಮಾಡಿ, ಎಂಬತ್ತು ವರ್ಷದ ಮೇಲೆ ಅಪ್ಪನ ವಾಚು ಮನೆಗೆ ಬರೋದು! ಅಲ್ಲೂ ಮನೆ ಬಾಗಿಲು ತೋರಿಸೋದು ಹೆಸರಿನ ಸರಿಯಾದ ಅಕ್ಷರಗಳೇ.

ಇನ್ನೊಂದು ಕಹಿ ಸತ್ಯ. ಕಾರ್ಡು ಇದ್ದವರು ಒಂದು ಲೆಕ್ಕಕ್ಕೆ ಕಾಗದದಲ್ಲಾದರೂ ಉಳಿದರು. ಆಶ್‌ವಿಟ್ಜ್‌ಗೆ ತಂದ ಹೆಚ್ಚಿನ ಯಹೂದಿಗಳನ್ನು ರೈಲು ಇಳಿದ ಕೂಡಲೇ ಕೊಂದರು. ಅವರಿಗೆ ನಂಬರೂ ಇಲ್ಲ, ಕಾರ್ಡೂ ಇಲ್ಲ. ಅವರ ಹೆಸರುಗಳನ್ನು ಬಂಧುಗಳು, ನೆರೆಹೊರೆಯವರು ನೆನಪಿನಿಂದ ಬರೆದು ಕೊಡಬೇಕಾಯ್ತು. ಜೆರುಸಲೇಮಿನ ಯಾದ್ ವಶೆಮ್ ಸಂಸ್ಥೆ 1950ರ ದಶಕದಿಂದ ಅಂಥ ಸಾಕ್ಷ್ಯಪತ್ರಗಳನ್ನು ಸಂಗ್ರಹಿಸುತ್ತಾ ಬಂದಿದೆ. ಸತ್ತ ಸುಮಾರು 60 ಲಕ್ಷ ಯಹೂದಿಗಳಲ್ಲಿ 48 ಲಕ್ಷಕ್ಕೂ ಹೆಚ್ಚು ಹೆಸರುಗಳು ಈಗ ಪತ್ತೆಯಾಗಿವೆ.

ಕಾಗದ ಕೊಲ್ಲಲೂಬಹುದು ಅನ್ನೋದಕ್ಕೆ ಆಫ್ರಿಕಾದ ರುವಾಂಡಾ ನೋಡಿ. ಬೆಲ್ಜಿಯನ್ನರ ಆಡಳಿತದಲ್ಲಿ, 1930ರ ದಶಕದಲ್ಲಿ, ಗುರುತಿನ ಚೀಟಿಯ ಮೇಲೆ ಹುಟು, ಟುಟ್ಸಿ, ತ್ವಾ ಅಂತ ಬರೆಯೋಕೆ ಶುರುಮಾಡಿದರು. 1994ರ ಏಪ್ರಿಲ್‌ನಲ್ಲಿ ರಸ್ತೆ ತಡೆಗಳಲ್ಲಿ ಕೇಳುತ್ತಿದ್ದದ್ದು ಅದೇ ಚೀಟಿ. ಟುಟ್ಸಿ ಅಂತಿದ್ದರೆ ಅಲ್ಲಿಗೆ ಮುಗೀತು. ನೂರು ದಿನದಲ್ಲಿ ಎಂಟರಿಂದ ಹತ್ತು ಲಕ್ಷ ಜನ ಸತ್ತರು.

ಅಲ್ಲಿ ಪ್ರತಿ ವರ್ಷ ಏಪ್ರಿಲ್ 7ರಿಂದ ನೂರು ದಿನ ಕ್ವಿಬುಕಾ ಆಚರಿಸ್ತಾರೆ. ಅವರ ಭಾಷೆಯಲ್ಲಿ ಆ ಪದಕ್ಕೆ ನೆನಪಿಸಿಕೊಳ್ಳುವುದು ಅಂತ ಅರ್ಥ. ದೀಪ ಹಚ್ಚುತ್ತಾರೆ, ಒಟ್ಟಿಗೆ ನಡೀತಾರೆ, ರಾತ್ರಿ ಕೂತು ಬದುಕುಳಿದವರ ಮಾತು ಕೇಳ್ತಾರೆ. ಕಿಗಾಲಿಯ ಸ್ಮಾರಕದಲ್ಲಿ 2.5 ಲಕ್ಷ ಜನರ ಸಮಾಧಿ ಇದೆ. ಅಲ್ಲೊಂದು ಮಕ್ಕಳ ಕೋಣೆ. ಗೋಡೆ ಮೇಲೆ ಮಗುವಿನ ಫೋಟೋ, ಕೆಳಗೆ ಹೆಸರು, ಇಷ್ಟದ ತಿಂಡಿ, ಇಷ್ಟದ ಆಟ. ಆ ಫೋಟೋಗಳು ಮನೆಯವರು ಕೊಟ್ಟದ್ದು. ಟುವೋಲ್ ಸ್ಲೆಂಗ್ ಹುಡುಗಿಯ ಫೋಟೋಗೂ ಇದಕ್ಕೂ ಎಷ್ಟು ದೂರ ನೋಡಿ. ಅದೂ ಮಗುವಿನ ಮುಖ, ಇದೂ ಮಗುವಿನ ಮುಖ. ಒಂದನ್ನು ಬಂಧಿಸಿದವರು ತೆಗೆದರು, ಇನ್ನೊಂದನ್ನು ಪ್ರೀತಿಸಿದವರು.

ಇಷ್ಟೆಲ್ಲ ಓದಿದ ಮೇಲೆ ಈ ಜನವರಿ 27ಕ್ಕೆ ನಾವು ಮೈಸೂರಿನಲ್ಲಿ ಒಂದು ಸಣ್ಣ ಕಾರ್ಯಕ್ರಮ ಮಾಡಿದ್ವಿ. 1945ರಲ್ಲಿ ಆಶ್‌ವಿಟ್ಜ್ ಬಿಡುಗಡೆ ಆದ ದಿನ ಅದು, ವಿಶ್ವಸಂಸ್ಥೆ ಗುರುತಿಸಿದ ಸ್ಮರಣೆಯ ದಿನ. ಜಾಗ ಸ್ನೇಹಿತನ ಟ್ಯೂಷನ್ ಹಾಲು, ಮಹಡಿ ಮೇಲೆ. ಬಂದವರು ಹತ್ತೊಂಬತ್ತು ಜನ. ಮೈಕಿಲ್ಲ, ಮ್ಯೂಸಿಕ್ಕಿಲ್ಲ. ಹೆಸರು, ಹುಟ್ಟಿದ ಊರು, ವಯಸ್ಸು, ಇಷ್ಟನ್ನೇ ಸರದಿ ಮೇಲೆ ಓದೋದು. ಹೆಸರಿಗೆ ಹತ್ತು ಸೆಕೆಂಡು ಅಂತ ನನ್ನ ಲೆಕ್ಕ. ನಲವತ್ತು ನಿಮಿಷಕ್ಕೆ 240 ಹೆಸರು ಆಗ್ಬೇಕಿತ್ತು. ಆಗಿದ್ದು 131. ಪೋಲಿಷ್ ಊರುಗಳ ಹೆಸರು ನಾಲಿಗೆ ಮೇಲೆ ನಿಲ್ಲೋದಿಲ್ಲ. ತಪ್ಪಿದಾಗೆಲ್ಲ ನಿಲ್ಲಿಸಿ ಮತ್ತೆ ಹೇಳ್ತಿದ್ವಿ. ಮನೆಗೆ ಬಂದು ಇನ್ನೊಂದು ಲೆಕ್ಕ ಹಾಕಿದೆ. ಹೆಸರಿಗೆ ಹತ್ತೇ ಸೆಕೆಂಡಿನಂತೆ ಆ 60 ಲಕ್ಷ ಜನರ ಹೆಸರು ಓದೋಕೆ, ಹಗಲೂ ರಾತ್ರಿ ನಿಲ್ಲಿಸದೆ ಓದಿದರೂ, 694 ದಿನ ಬೇಕು.

ಓದು ಮುಗಿದ ಮೇಲೆ ಒಬ್ಬ ಹುಡುಗ ಕೈ ಎತ್ತಿದ. "ನಮ್ಮಲ್ಲೇ ಬೇಕಾದಷ್ಟು ನೋವಿದೆ. ಎಲ್ಲೋ ದೂರದವರ ಹೆಸರು ಓದಿ ನಮಗೇನು ಆಗ್ಬೇಕು?"

ನ್ಯಾಯವಾದ ಪ್ರಶ್ನೆ. ನಾನು ಪಾಠ ಒಪ್ಪಿಸಿದೆ. ನರಮೇಧ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ 1948ರ ಡಿಸೆಂಬರ್ 9ರಂದು ಅಂಗೀಕಾರ ಆಯ್ತು, ಭಾರತ 1959ರಲ್ಲಿ ಅದನ್ನು ಸ್ಥಿರೀಕರಿಸಿತು, ಆದ್ದರಿಂದ ನಾವೂ ಮಾತು ಕೊಟ್ಟವರೇ ಅಂತ. ಹುಡುಗನಿಗೆ ಸಮಾಧಾನ ಆದಂತೆ ಕಾಣಲಿಲ್ಲ. ನನಗೂ ಆಗಲಿಲ್ಲ.

ಆಗ ಹಿಂದಿನ ಬೆಂಚಿನಿಂದ ಒಬ್ಬರು ಅಮ್ಮ ಮಾತಾಡಿದರು. ಗ್ರಾಮಲೆಕ್ಕಿಗರಾಗಿ ನಿವೃತ್ತರಾದವರು. "ಪಹಣಿಯಲ್ಲಿ ಒಂದಕ್ಷರ ತಪ್ಪಾದರೆ ಆ ಮನೆಯವರು ವರ್ಷಗಟ್ಟಲೆ ಅಲೀತಾರಪ್ಪ. ಬದುಕಿರೋನೇ ಎದುರಿಗೆ ನಿಂತು ನಾನೇ ಇವನು ಅಂದ್ರೂ ಕಾಗದ ಒಪ್ಪಲ್ಲ. ಸತ್ತೋನು ಎದ್ದು ಬಂದು ಹೇಳೋಕಾಗುತ್ತಾ? ಯಾರಾದರೂ ತಿದ್ದಿ ಕೊಡ್ಬೇಕು. ಯಾವೂರಿನವರಾದರೇನು?"

ಸಭೆ ಸುಮ್ಮನಾಯ್ತು. ಇವತ್ತು ನಿಮಗೆ ಹೇಳಬೇಕು ಅಂದ್ಕೊಂಡದ್ದು ಕೂಡ ಇದೇ. ನೆನಪು ಅಂದ್ರೆ ಅಳೋದು ಅಂತ ನಾನು ತಿಳ್ಕೊಂಡಿದ್ದೆ. ಅಳು ಬರುತ್ತೆ, ಬರಲಿ. ಆದರೆ ತೊಂಬತ್ತು ಸಾವಿರ ಜನ ಅತ್ತರೂ ಆ ಹುಡುಗಿಗೆ ಒಂದು ಅಕ್ಷರವೂ ವಾಪಸ್ ಸಿಗಲಿಲ್ಲ. 17 ಅನ್ನು 11 ಅಂತ ತಿದ್ದಿದ್ದು ಯಾರೂ ಶೇರ್ ಮಾಡಲ್ಲ. ಕೆಲಸ ಆಗಿದ್ದು ಮಾತ್ರ ಅಲ್ಲಿ.

ಈಗ ನನಗೆ ನಾನೇ ಮೂರು ನಿಯಮ ಹಾಕ್ಕೊಂಡಿದ್ದೀನಿ. ಒಂದು, ಹೀಗೆ ಸತ್ತವರ ಫೋಟೋ ಹಾಕೋ ಮೊದಲು ಅದನ್ನು ತೆಗೆದವರು ಯಾರು ಅಂತ ಹೇಳ್ಬೇಕು. ಎರಡು, ಹೆಸರು ಹುಡುಕ್ಬೇಕು, ಸಿಗದಿದ್ದರೆ ಮುಖವನ್ನು ಅಲಂಕಾರಕ್ಕೆ ಬಳಸಬಾರದು. ಮೂರು, ಹಿಂದೆ ಪಿಟೀಲು ಬೇಡ.

ಆ ಹುಡುಗಿಯ ಹೆಸರು? ಹುಡುಕಿದೆ. ವಾರಗಟ್ಟಲೆ ಹುಡುಕಿದೆ. 1979ರ ನಂತರ ಆ ಜೈಲಿನ ಎಷ್ಟೋ ಫೋಟೋಗಳು ಅವುಗಳ ಫೈಲಿನಿಂದ ಬೇರೆಯಾಗಿಬಿಟ್ಟವು. ಮುಖ ಒಂದು ಕಡೆ, ಹೆಸರು ಇನ್ನೊಂದು ಕಡೆ. ಅವಳದ್ದೂ ಹಾಗೇ ಆಗಿರಬೇಕು. ನನಗೆ ಸಿಗಲಿಲ್ಲ. ಮೆಸೇಜ್ ಹಾಕಿದವರಿಗೆ ಇದನ್ನೇ ಬರೆದೆ. ಅವರು "ಸರಿ, ನಾನೂ ಹುಡುಕ್ತೀನಿ" ಅಂದರು.

ನಿಮ್ಮ ಹತ್ತಿರ ಹತ್ತು ನಿಮಿಷ ಇದ್ದರೆ ಆ ಜರ್ಮನ್ ಆರ್ಕೈವಿನ ಒಂದು ಕಾರ್ಡು ತೆರೆದು ನೋಡಿ. ಒಂದೇ ಸಾಕು. 1 ಮತ್ತು 7 ನೋಡ್ಕೊಂಡು ಹಾಕಿ.

ಮುಂದಿನ ವಾರ ಸಿಗೋಣ.